ನೀರು ಬೆರೆಸದ ಡಿವಿಡಿ

ನಮ್ಮ ಸೋದರಮಾವನಿಗೆ ಈ ಪ್ರಪಂಚದಲ್ಲಿ ನಂಬಿಕೆ ಇರುವುದು ಎರಡೇ ವಸ್ತುಗಳ ಮೇಲೆ: ಕಣ್ಣೆದುರು ಕರೆದ ಹಾಲು, ಕಣ್ಣೆದುರು ತಿರುಗುವ ಡಿವಿಡಿ! ತಿರುಗುವುದು ಕಾಣಬೇಕೆಂದು ಪ್ಲೇಯರಿನ ಮುಚ್ಚಳವನ್ನೇ ಬಿಚ್ಚಿ ಅಟ್ಟಕ್ಕೆ ಎಸೆದಿದ್ದಾರೆ, ಪುಣ್ಯಾತ್ಮರು. ಒಮ್ಮೆ ಪೆನ್‌ಡ್ರೈವ್ ಕೊಟ್ಟು ನೋಡಿದೆ. "ಇದ್ರೊಳಗೆ ಏನೈತೆ ಅಂತ ಯಾವನಿಗ್ಲಾ ಗೊತ್ತು? ಒಸಿನೂ ಅಲ್ಲಾಡಕಿಲ್ಲ" ಎಂದು ವಾಪಸು ಕೊಟ್ಟರು.

ಇಂಥ ಮಾವ ಕಳೆದ ತಿಂಗಳು ಸಾತನೂರಿನಿಂದ ಬೆಳಗಿನ ಬಸ್ಸಿಗೇ ಕನಕಪುರದ ನಮ್ಮ ಮನೆಗೆ ಬಂದಿಳಿದರು. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಬಟನ್ ಮೊಬೈಲು.

"ಇದ್ರಾಗೆ ನಿಮ್ಮತ್ತೆ ನಡೀತಾವ್ಳೆ. ಡಿವಿಡಿ ಮಾಡ್ಕೊಡು."

ಅತ್ತೆಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಡಾಕ್ಟರು ನಡೆಯಿರಿ ಎಂದರೂ ಬಿದ್ದುಬಿಟ್ಟೇನೆಂಬ ಭಯಕ್ಕೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಾವ ಗದರಿಸಿದರು, ಗೋಗರೆದರು. ಜಪ್ಪಯ್ಯ ಅಂದರೂ ಅತ್ತೆ ಅಲ್ಲಾಡಲಿಲ್ಲ. ಮೊದಲು ಹೇಗೆ ನಡೆಯುತ್ತಿದ್ದಳೆಂದು ಟೀವಿಯಲ್ಲಿ ತೋರಿಸಿದರೆ ಕಾಲಿಗೆ ನೆನಪು ಬಂದೀತು ಎಂಬುದು ಮಾವನ ವೈದ್ಯಶಾಸ್ತ್ರ!

ನನ್ನ ಹಳೇ ಕಂಪ್ಯೂಟರಿಗೆ ಹಾಕಿ ನೋಡಿದರೆ ಆ ಮೊಬೈಲು ಸೆಕೆಂಡಿಗೆ ಹದಿನೈದೇ ಚಿತ್ರ ತೆಗೆದಿತ್ತು. ಡಿವಿಡಿಗೆ ಇಪ್ಪತ್ತೈದು ಬೇಕು.

"ಇರೋ ಚಿತ್ರಗಳನ್ನೇ ಅಲ್ಲಲ್ಲಿ ಎರಡೆರಡು ಸಲ ಸೇರಿಸ್ತೀನಿ ಮಾವ. ಯಾರಿಗೂ ಗೊತ್ತಾಗಲ್ಲ" ಎಂದೆ.

ಆ ಕೊನೆಯ ಮಾತು ಆಡಬಾರದಿತ್ತು. ಡೈರಿಗೆ ಹಾಲು ಹಾಕುತ್ತಲೇ ತಲೆ ನೆರೆಸಿಕೊಂಡ ಮನುಷ್ಯ!

"ಹದಿನೈದು ಲೀಟರ್ ಕರೆದು ಇಪ್ಪತ್ತೈದು ಮಾಡ್ತೀಯಾ? ನಿಮ್ಮತ್ತೆಗೇ ನೀರು ಬೆರೆಸ್ತೀಯೇನ್ಲಾ?"

"ಹಂಗಲ್ಲ ಮಾವ..."

"ಇದ್ದಷ್ಟೇ ಹಾಕು. ಒಂದು ಚಿತ್ರಾನೂ ಮೇಲೆ ಬೀಳಂಗಿಲ್ಲ!"

ಇದ್ದಷ್ಟೇ ಹಾಕಿದೆ. ಹದಿನೈದನ್ನು ಇಪ್ಪತ್ತೈದರ ವೇಗದಲ್ಲಿ ಓಡಿಸಿದರೆ ಏನಾಗುತ್ತದೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಡಿವಿಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು. ಅನಾಹುತ ನೋಡಲು ನಾನೂ ಹಿಂದೆಯೇ ಸಾತನೂರಿಗೆ ಹೋದೆ.

ಅಕ್ಕಪಕ್ಕದ ನಾಲ್ಕು ಹೆಂಗಸರೂ ಬಂದು ಕೂತರು. ಮಾವ ಪ್ಲೇಯರಿಗೆ ಕೈಮುಗಿದು ಡಿವಿಡಿ ಹಾಕಿದರು. ಟೀವಿಯಲ್ಲಿ ಹಸುವಿನ ಬಾಲ ಫ್ಯಾನಿನಂತೆ ತಿರುಗಿತು! ಅತ್ತೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅಂಗಳದ ಈ ತುದಿಯಿಂದ ಆ ತುದಿಗೆ ಪುಟಪುಟನೆ ಓಡಿದರು. ಒಂದು ನಿಮಿಷದ ನಡಿಗೆ ಮೂವತ್ತಾರು ಸೆಕೆಂಡಿಗೇ ಮುಗಿದುಹೋಯಿತು.

"ನೋಡಿದ್ಯಾ? ನೀರು ಬೆರೆಸ್ದೆ ಇದ್ರೆ ಎಷ್ಟು ಗಟ್ಟಿಯಾಗಿ ನಡೀತಾಳೆ!" ಎಂದರು ಮಾವ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆಯ ಮುಖ ಕೆಂಪಾಯಿತು. "ಅಯ್ಯೋ, ನಾಯಿ ಅಟ್ಟಿಸ್ಕಂಡು ಬಂದಂಗೈತಲ್ಲಪ್ಪೋ! ನಿಲ್ಸಿ ಅದ!"

ಮಾವ ಮತ್ತೆ ಹಾಕಿದರು. ಅತ್ತೆ ಮತ್ತೆ ಓಡಿದರು.

"ನನ್ನ ಮಾನ ಕಳೀಬ್ಯಾಡಿ, ನಿಲ್ಸಿ ಅಂದ್ರೆ!"

ರಿಮೋಟು ಮಾವನ ಜೇಬಿನಲ್ಲಿತ್ತು. ಮೂರನೇ ಸಲ ಹಸುವಿನ ಬಾಲ ತಿರುಗಲು ಶುರುವಾದಾಗ ಅತ್ತೆ ಕುರ್ಚಿಯ ಕೈ ಒತ್ತಿ ಎದ್ದರು. ಗೋಡೆ ಹಿಡಿದುಕೊಂಡು, ಬೈದುಕೊಂಡು, ಟೀವಿಯವರೆಗೂ ಹೋಗಿ ಪಟ್ಟನೆ ಸ್ವಿಚ್ ಆರಿಸಿದರು.

ನಗು ನಿಂತಿತು. ಅತ್ತೆ ತಿರುಗಿ ನೋಡಿದರು; ಕುರ್ಚಿ ಅಷ್ಟು ದೂರದಲ್ಲಿತ್ತು. ಆಗಲೇ ಅವರಿಗೂ ಗೊತ್ತಾದದ್ದು. ಮಾವ ಇದನ್ನು ಬೇಕೆಂದೇ ಮಾಡಿದ್ದಲ್ಲ. ಅವರ ಬಾಯಿ ಎಲ್ಲರಿಗಿಂತ ಅಗಲವಾಗಿ ತೆರೆದಿತ್ತು.

ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಎದ್ದು ನಿಂತು, ಎರಡೂ ಕೈ ಚಾಚಿದರು.

"ಬಾರಮ್ಮಿ... ನಿಧಾನಕ್ಕೆ ಬಾ. ಓಡ್ಬ್ಯಾಡ."