ಮಾಮಾನ ಒಂದೇ ಗೋಡೆ

ನಮ್ಮ ಸೋದರಮಾವನಷ್ಟು ಚಿತ್ರ ಬರೆದವರು ಇಂಡಿ ತಾಲೂಕಿನಲ್ಲೇ ಇಲ್ಲ. ಒಂದನ್ನು ತೋರಿಸು ಎಂದು ಮಾತ್ರ ಕೇಳಬೇಡಿ, ಒಂದೂ ಉಳಿದಿಲ್ಲ!

ಇದು ಬರೀ ಮಾತಲ್ಲ, ನನ್ನ ಡೈರಿಯಲ್ಲಿ ಲೆಕ್ಕವಿದೆ. ಮಾಮಾನ ಮನೆಯಲ್ಲಿದ್ದು ನಾನು ಕಾಲೇಜಿಗೆ ಹೋಗುತ್ತಿರುವ ಈ ಎರಡು ವರ್ಷಗಳಲ್ಲಿ ಬರೆದ ಚಿತ್ರ ಅರವತ್ತೆಂಟು, ಸುಣ್ಣ ಬಳಿದು ಅಳಿಸಿದ ಚಿತ್ರ ಅರವತ್ತೆಂಟು. ಏಕೆಂದರೆ ಮಾಮಾನ ಪಾಲಿಗಿರುವುದು ಒಂದೇ ಗೋಡೆ, ದನದ ಕೊಟ್ಟಿಗೆಯದು. ಮನೆಯ ಉಳಿದ ಗೋಡೆಗಳ ಹತ್ತಿರ ಸುಳಿಯಲು ಅವರ ಹೆಂಡತಿ, ನಮ್ಮ ಅತ್ತಿ, ಬಿಡುವುದಿಲ್ಲ.

ಒಂದು ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಬಣ್ಣ ಉಳಿಯಿತಂತೆ. ಚೆಲ್ಲಲು ಮನಸ್ಸಾಗದೆ ಮಾಮಾ ಗೋಡೆಯ ಮೇಲೆ ಒಂದು ನಿಂಬೆ ಗಿಡ ಬರೆದರು. ಹುಚ್ಚು ಹಿಡಿದದ್ದು ಹಾಗೆ. ಬೇವಿನ ಕಡ್ಡಿಯ ತುದಿ ಜಗಿದರೆ ಅದೇ ಕುಂಚ. ಅದೇ ಕಡ್ಡಿಯಿಂದ ಹಲ್ಲನ್ನೂ ಉಜ್ಜುತ್ತಾರೆಂದು ಅತ್ತಿ ದೂರುತ್ತಿದ್ದರು. ನಾನು ನಂಬಿರಲಿಲ್ಲ. ಈಗ ಡೈರಿಯಲ್ಲಿ ದಾಖಲೆಯೇ ಇದೆ: ಆಗಸ್ಟ್ ಏಳು, ಬೆಳಿಗ್ಗೆ, ಮಾಮಾನ ಮುಂದಿನ ನಾಲ್ಕು ಹಲ್ಲು ಹಸಿರು!

ಒಮ್ಮೆ ನವಿಲು ಬರೆದರು. ಪಕ್ಕದ ಹೊಲದ ಕಾಕಾ ಬಹಳ ಹೊತ್ತು ನೋಡಿ, ಗಜ್ಜರಿ ಛಲೋ ಬಂದಾವು ಎಂದು ಕ್ಯಾರೆಟ್ಟನ್ನು ಹೊಗಳಿದರು. ಮಾಮಾ ಸಿಟ್ಟಾದರೇ? ಇಲ್ಲ, ಸುಣ್ಣದ ಬಕೆಟ್ ತಂದರು.

"ಕೆಟ್ಟಿದ್ದು ಬಣ್ಣ," ಎಂದರು. "ಗ್ವಾಡಿಗೇನ ಆಗೈತಿ?"

ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹರಿದು, ಅಂದಿನ ಊಟವನ್ನೂ ಬಿಡುವವಳು ನಾನು. ಬೆರಗಾಗದೆ ಇರಲು ಸಾಧ್ಯವೇ?

ಕಳೆದ ಡಿಸೆಂಬರಿನಲ್ಲಿ ನಮ್ಮ ಜೋಡೆತ್ತಿನಲ್ಲಿ ಒಂದಾದ ಹಂಡ್ಯಾ ರೋಗ ಬಂದು ಸತ್ತಿತು. ಎಂಟು ವರ್ಷ ಅದರ ಪಕ್ಕದಲ್ಲೇ ನೊಗ ಹೊತ್ತಿದ್ದ ಬಿಳ್ಯಾ ಮೇವು ಬಿಟ್ಟಿತು. ನಾನು ದಿನಾ ಬರೆದುಕೊಂಡೆ: ಮೊದಲ ದಿನ ಅರ್ಧ ಸೂಡು ಜೋಳದ ಕಣಿಕಿ, ಎರಡನೆಯ ದಿನ ನಾಲ್ಕು ದಂಟು, ಮೂರನೆಯ ದಿನ ಏನೂ ಇಲ್ಲ. ದನದ ಡಾಕ್ಟರು ಬಂದು, ಮೈಯಲ್ಲಿ ರೋಗವಿಲ್ಲ, ಆದರೆ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಹೇಳಿ ಹೋದರು. ಮಾಮಾ ಏನು ಮಾಡಿದರು ಗೊತ್ತೇ? ಬಣ್ಣ ಕಲಸಲು ಕೂತರು!

ಕೊಟ್ಟಿಗೆಯ ಗೋಡೆಯ ಮೇಲೆ ಹಂಡ್ಯಾನನ್ನು ಬರೆದರು. ಅದು ಆಡಿನಂತಿತ್ತು. ಸುಣ್ಣ. ಎರಡನೆಯ ಹಂಡ್ಯಾನಿಗೆ ಮೈಮೇಲಿನ ಮಚ್ಚೆಗಳು ತಪ್ಪಿದವು. ಅದರ ಮಚ್ಚೆ ಹನ್ನೊಂದು ಎಂದು ಡೈರಿ ನೋಡಿ ಹೇಳಿದವಳು ನಾನೇ. ಮತ್ತೆ ಸುಣ್ಣ. ಮೂರನೆಯದು ಹಂಡ್ಯಾನೇ ಎದ್ದು ಬಂದಂತಿತ್ತು, ಬಿಳ್ಯಾ ಮಾತ್ರ ಕತ್ತೆತ್ತಿ ನೋಡಲಿಲ್ಲ. ಮಾಮಾ ಸಂಜೆಯವರೆಗೆ ಅದರ ಪಕ್ಕದಲ್ಲಿ ಕೂತರು. ಆಮೇಲೆ ತಟ್ಟನೆ ಹಣೆ ಬಡಿದುಕೊಂಡರು. ಹಂಡ್ಯಾ ಎಡಗಡೆಯ ಎತ್ತು. ಇವರು ಬಿಳ್ಯಾನ ಬಲಕ್ಕೆ ಬರೆದಿದ್ದರು!

ಮತ್ತೆ ಸುಣ್ಣ. ನಾಲ್ಕನೆಯ ಹಂಡ್ಯಾ ಎಡಕ್ಕೆ ಬಂತು, ಮುಖ ಬಿಳ್ಯಾನ ಕಡೆಗೆ. ಮರುದಿನ ಬೆಳಿಗ್ಗೆ ನೋಡಿದರೆ ಬಿಳ್ಯಾ ಗೋಡೆ ನೆಕ್ಕುತ್ತಿತ್ತು, ಚಿತ್ರದ ಒಂದು ಕಿವಿ ಆಗಲೇ ಮಾಯವಾಗಿತ್ತು! ಗುರುತು ಹಿಡಿಯಿತೋ, ಸುಣ್ಣ ರುಚಿಸಿತೋ, ದೇವರೇ ಬಲ್ಲ. ಮಾಮಾ ಸದ್ದಿಲ್ಲದೆ ಚಿತ್ರದ ಬುಡಕ್ಕೆ ಒಂದು ಸೂಡು ಕಣಿಕಿ ಇಟ್ಟರು. ಬಿಳ್ಯಾ ತಿಂದಿತು.

"ಇದನ್ನ ಅಳಸಬ್ಯಾಡ್ರಿ," ಎಂದರು ಅತ್ತಿ. ಇಷ್ಟು ದಿನ ಎಲ್ಲ ಚಿತ್ರಕ್ಕೂ ನಕ್ಕವರು ಅವರೇ.

ಆ ಚಿತ್ರ ನಲವತ್ತಮೂರು ದಿನ ಉಳಿಯಿತು, ಅದೇ ದಾಖಲೆ. ನಲವತ್ತನಾಲ್ಕನೆಯ ದಿನ ದನದ ಸಂತೆಯಿಂದ ಹೊಸ ಎತ್ತು ಬರುವುದಿತ್ತು. ಬೆಳಿಗ್ಗೆಯೇ ಮಾಮಾ ಬಕೆಟ್ ಹಿಡಿದು ಕೊಟ್ಟಿಗೆಗೆ ಹೊರಟರು. ನಾನು ಅಡ್ಡ ನಿಂತೆ.

"ಮಾಮಾ, ಅತ್ತಿ ಬ್ಯಾಡ ಅಂದಾಳ."

"ಇನ್ನ ಎಡಕ ನಿಲ್ಲಾಂವ ಹೊಸಬ ಅದಾನ, ತಂಗಿ. ಹಳಿಯಾಂವ ದಿನಾ ಗ್ವಾಡಿ ಮ್ಯಾಗಿಂದ ನೋಡಾಕತ್ರ, ಪಾಪ, ಹೊಸಬ ಹೆಂಗ ನೊಗ ಹೊತ್ತಾನು?"

ಬಾಲದಿಂದ ಶುರು ಮಾಡಿದರು. ಹನ್ನೊಂದು ಮಚ್ಚೆಗಳೂ ಹೋದವು, ಕೋಡು ಹೋದವು. ಕಣ್ಣಿನ ಹತ್ತಿರ ಬಂದಾಗ ಮಾಮಾನ ಕೈ ನಿಂತಿತು. ಅತ್ತಿ ಯಾವಾಗ ಬಂದು ಹಿಂದೆ ನಿಂತಿದ್ದರೋ, ಅವರ ಕೈಯಿಂದ ಸುಣ್ಣದ ಕುಂಚ ತೆಗೆದುಕೊಂಡರು.

ಒಂದು ಕೈ ಸುಣ್ಣಕ್ಕೆ ಆ ಕಣ್ಣು ಮುಚ್ಚಲಿಲ್ಲ. ಮೂರು ಕೈ ಬೇಕಾದವು.