ಒಲೆ ಪಕ್ಕದ ಬ್ಯಾಟರಿ

ಸಂಜೆಯಾದರೆ ಮೋಟರ್ ಬೈಕಿನ ಬ್ಯಾಟರಿ ಬಿಚ್ಚಿ ಅಡುಗೆಮನೆಗೆ ತರುವವರು ನಿಮ್ಮ ಮನೆಯಲ್ಲೂ ಇದ್ದರಾ? ನಮ್ಮಲ್ಲಿದ್ದರು, ನಮ್ಮ ಸೋದರಮಾವ! ಎಂಬತ್ತರ ದಶಕ. ಕ್ಯಾಸಂಬಳ್ಳಿ ಹತ್ತಿರದ ಅವರ ಊರಿಗೆ ಇದ್ದದ್ದೇ ಒಂದು ಬೈಕು. ಹಸು, ಕರು ಕೊಟ್ಟಿಗೆಯಲ್ಲಿ. ಬ್ಯಾಟರಿ ಮಾತ್ರ ಒಲೆ ಪಕ್ಕ, ಮಣೆ ಮೇಲೆ!

"ಯಾಕ್ ಮಾವ ಈ ಪಾಡು?" ಅಂದರೆ, "ಕಳ್ಳರು ಕಣ್ಲಾ, ಕಳ್ಳರು!" ಅನ್ನುತ್ತಿದ್ದರು. ಬೈಕು ಬೀದಿಯಲ್ಲಿ, ಅದಕ್ಕೆ ಬೀಗವೂ ಇಲ್ಲ. ಬೈಕು ಬಿಟ್ಟು ಬ್ಯಾಟರಿ ಕದಿಯುವ ಕಳ್ಳ ಯಾರು ಸ್ವಾಮಿ?

ತಂದದ್ದನ್ನು ಸುಮ್ಮನೆ ಇಡುತ್ತಿದ್ದರಾ? ಕತ್ತಲಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವ ಊರದು. ಹಳೇ ಹೆಡ್‌ಲೈಟ್ ಬಲ್ಬೊಂದನ್ನು ಬ್ಯಾಟರಿಗೆ ಸಿಕ್ಕಿಸಿ ಒಲೆ ಮೇಲಿನ ಮೊಳೆಗೆ ನೇತುಹಾಕುತ್ತಿದ್ದರು. "ಚಾರ್ಜ್ ಐತಾ ಇಲ್ವಾ ನೋಡ್ಬೇಕಲ್ಲಾ." ಅತ್ತೆ ಮುದ್ದೆ ತಿರುವಿ, ಕಟ್ಟಿ, ಎಲ್ಲರಿಗೂ ಬಡಿಸಿ ಮುಗಿಸುವವರೆಗೂ ಆ ಪರೀಕ್ಷೆ ನಡೆಯುತ್ತಿತ್ತು! ಬೆಳಿಗ್ಗೆ ಹಾರನ್ ಒತ್ತಿದರೆ ಕೋಳಿಮರಿ ಕೂಗಿದಂತೆ. ಆಸಿಡ್ ಬಿದ್ದು ಬಿದ್ದು ಮಾವನ ಪಂಚೆಗಳೆಲ್ಲ ಜರಡಿ.

ಒಮ್ಮೆ ವೈರುಗಳನ್ನು ಅದಲುಬದಲು ಸಿಕ್ಕಿಸಿ, ಒಳಗೇನೋ ಸುಟ್ಟು, ಬೈಕು ಬಂಗಾರಪೇಟೆಯ ವರ್ಕ್‌ಶಾಪಿನಲ್ಲಿ ತಿಂಗಳುಗಟ್ಟಲೆ ಮಲಗಿತ್ತು. ಅಂದಿನಿಂದ ಹೊಸ ಶಾಸ್ತ್ರ: ಪ್ಲಸ್ಸಿಗೆ ಕುಂಕುಮ, ಮೈನಸ್ಸಿಗೆ ವಿಭೂತಿ!

ಅತ್ತೆಯ ಕಣ್ಣಿಗೆ ಪೊರೆ ಬೆಳೆದಿತ್ತು. ಬೆಂಗಳೂರಿನ ಕಣ್ಣಿನ ಡಾಕ್ಟರು ಕೆಜಿಎಫ್‌ಗೆ ಬರುತ್ತಿದ್ದದ್ದೇ ಅಪರೂಪ. ಆಪರೇಷನ್ ಅಂದರೆ ಹಿತ್ತಲಿಗೆ ಓಡುತ್ತಿದ್ದ ಅತ್ತೆ ಆ ಸಲ ಹೇಗೋ ಒಪ್ಪಿದ್ದರು. ತಪ್ಪಿದರೆ ಮತ್ತೆ ಒಪ್ಪುವುದು ಸುಳ್ಳು. ನೋಡಿ ನಮ್ಮ ಅದೃಷ್ಟ, ಆಪರೇಷನ್ ದಿನವೇ ಬೆಳಗಿನ ಬಸ್ಸು ಬರಲಿಲ್ಲ! ಇನ್ನು ಬೈಕೇ ಗತಿ. ಬ್ಯಾಟರಿ ತರಲು ಒಳಗೆ ಓಡಿದ ಮಾವ ಅಲ್ಲೇ ಕಿರುಚಿದರು:

"ಲೇ! ಎಲ್ಡೂ ಕಡೆ ಕುಂಕುಮ ಯಾರು ಇಟ್ಟಿದ್ದು?"

"ನಾನೇ. ಹುಣಸೆಹಣ್ಣಾಕಿ ತೊಳ್ದು ಪೂಜೆ ಮಾಡ್ದೆ. ಆಸ್ಪತ್ರೆಗೆ ಓಗೋವಾಗ ಅದು ಒಂದ್ ಕಡೆ ಬೂದಿ ಬಳ್ಕೊಂಡು ಕೂತಿದ್ರೆ ಶುಭಾನಾ?"

"ಪೂಜೆಯಂತೆ ಪೂಜೆ! ಈಗ ಪ್ಲಸ್ಸು ಯಾವ್ದು ಅಂತ ನಿಮ್ಮಪ್ಪ ಬಂದು ತೋರಿಸ್ತಾನಾ?"

ಬ್ಯಾಟರಿ ಮೇಲೆ ಅಚ್ಚೊತ್ತಿದ್ದ ಗುರುತು ಎಂದೋ ಸವೆದುಹೋಗಿತ್ತು. ಮಾವ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ತಪ್ಪಾಗಿ ಸಿಕ್ಕಿಸಿದರೆ ಬೈಕೂ ಹೋಯಿತು, ಅತ್ತೆಯ ಕಣ್ಣೂ ಹೋಯಿತು!

ಅತ್ತೆ ಮೆಲ್ಲಗೆ ಬಂದು ಬ್ಯಾಟರಿಯನ್ನು ಸುತ್ತಲೂ ತಡವಿದರು. "ಈ ಮೂಲೆ ಚೂರು ಒಡ್ದೈತಲ್ಲ, ಇದೇ ನಿಮ್ ಕುಂಕುಮದ ಕಡೆ. ದಿನಾ ಇದನ್ನ ಎತ್ತಿಟ್ಟು ನೆಲ ಸಾರ್ಸೋಳು ನಾನಲ್ವಾ?"

"ಖಂಡಿತಾನಾ?"

"ನಿಮ್ ಕಣ್ಣಿಗಿಂತ ನನ್ ಬೆರಳು ವಾಸಿ. ಸಿಕ್ಸಿ!"

ಮಾವ ಉಸಿರು ಹಿಡಿದು ಸಿಕ್ಕಿಸಿದರು. ಹೊಗೆಯಿಲ್ಲ. ಸುಟ್ಟ ವಾಸನೆಯಿಲ್ಲ. ಕಿಕ್ ಹೊಡೆದರು, ಬೈಕು ಗುಡುಗಿತು! ಅತ್ತೆ ಹಿಂದೆ ಕೂತು ಅವರ ಸೊಂಟ ಬಿಗಿಯಾಗಿ ಹಿಡಿದದ್ದನ್ನು ಊರೇ ನೋಡಿತು.

ಕಣ್ಣಿನ ಕಟ್ಟು ಬಿಚ್ಚುವ ದಿನ ನಾವೆಲ್ಲ ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಸುತ್ತ ನಿಂತಿದ್ದೆವು. ಅತ್ತೆ ಕಣ್ಣು ಕಿರಿದು ಮಾಡಿ ಮಾವನನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯೋ ಥೂ! ಈ ತೂತು ಪಂಚೆ ಉಟ್ಕೊಂಡು ಇಲ್ಲೀಗಂಟ ಬಂದಿದ್ದೀರಾ?"

ವಾರ್ಡೆಲ್ಲ ನಕ್ಕಿತು. ಅಬ್ಬಾ, ನಮಗೆ ಹೋದ ಜೀವ ಬಂತು! ಮಾವ ಅದೇ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ತೂತಿನಿಂದ ಬೆರಳು ಇಣುಕುತ್ತಿತ್ತು.

ಮುಂದೊಮ್ಮೆ ಹೋದಾಗ ನೋಡುತ್ತೇನೆ, ಕತ್ತಲಾದರೂ ಬ್ಯಾಟರಿ ಬೈಕಿನಲ್ಲೇ ಇದೆ!

"ಏನ್ ಮಾವ, ಕಳ್ಳರೆಲ್ಲ ಸತ್ತೋದ್ರಾ?"

ಮಾವ ಒಲೆ ಕಡೆ ನೋಡಿದರು. ಅತ್ತೆ ಸಲೀಸಾಗಿ ಮುದ್ದೆ ಕಟ್ಟುತ್ತಿದ್ದರು.

"ಅವ್ಳಿಗೆ ಈಗ ಬುಡ್ಡಿ ದೀಪಾನೇ ಸಾಕಂತೆ ಕಣ್ಲಾ."

ಇಂಥ ಸುಳ್ಳು ಕಳ್ಳರು ನಿಮ್ಮ ಮನೆಗೂ ಬರುತ್ತಿದ್ದರಾ? ಯಾರು ಯಾವ ನೆಪ ಹೇಳುತ್ತಿದ್ದರು, ಕೆಳಗೆ ಬರೆಯಿರಿ. ಮುಚ್ಚಿಡಬೇಡಿ ಮತ್ತೆ!