ಕೆಂಪು ಕಳ್ಳಿಗೆ ಹಸಿರು ಕಾಲು

ಕಸಿ ಹಿಡಿಯಿತು! ನಮ್ಮ ಕೆಂಪು ಕಳ್ಳಿ ಹಸಿರು ಕಳ್ಳಿಯ ತಲೆಯ ಮೇಲೆ ಹಿಡಿದುಕೊಂಡುಬಿಟ್ಟಿತು! ಇವತ್ತು ಬೆಳಿಗ್ಗೆ ರಬ್ಬರ್ ಬ್ಯಾಂಡು ಬಿಚ್ಚಿ ಬೆರಳಿನಿಂದ ಮೆಲ್ಲಗೆ ತಳ್ಳಿದೆ, ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದೆ, ಮುಳ್ಳು ಚುಚ್ಚಿತು. ಮುಳ್ಳು ಚುಚ್ಚಿದ್ದಕ್ಕೆ ಇಷ್ಟು ಹಿಗ್ಗಿದವಳು ತಾಂಡೂರಿನಲ್ಲಿ ನಾನೊಬ್ಬಳೇ ಇರಬೇಕು. ಹಾಲಿನವನಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ನಮ್ಮ ಕುರಿಗಳಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡದ್ದು ಕುರಿಗಳು ಮಾತ್ರ.

ಕಳ್ಳಿ ನನ್ನ ಮೊಮ್ಮಗಳು ಸುನೀತಾಳದು. ಜಹೀರಾಬಾದಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಅಲ್ಲಿಯ ನರ್ಸರಿಯಿಂದ ತಂದು ಮಗುವಿನಂತೆ ಸಾಕಿದ್ದಳು. ನಿಂಬೆಹಣ್ಣಿನಷ್ಟು ಕೆಂಪು ಉಂಡೆ, ಅದರ ಪಕ್ಕೆಗೆ ಅಂಟಿಕೊಂಡ ಒಂದು ಮರಿ, ಕೆಳಗೆ ಹಸಿರು ಕಾಂಡ. ಕೆಂಪಿನ ಮೈಯಲ್ಲಿ ಹಸಿರೇ ಇಲ್ಲದ್ದರಿಂದ ತನ್ನ ಅನ್ನ ತಾನು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲವಂತೆ, ಕೆಳಗಿನ ಕಳ್ಳಿಯೇ ಉಣಿಸಬೇಕಂತೆ. ನಮ್ಮ ಯಜಮಾನರ ಜೊತೆ ಸಂಸಾರ ಮಾಡಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹೋದ ಸಲ ಸುನೀತಾ ಬಂದಾಗ ಆ ಕಾಂಡ ಕೊಳೆತು ಮೆತ್ತಗಾಗಿತ್ತು.

"ಆಯಿ, ಇನ್ನ ಇದು ಉಳಿಯಂಗಿಲ್ಲ," ಎಂದು ಮುಖ ಸಣ್ಣದು ಮಾಡಿದಳು.

"ನಾ ಉಳಸ್ತೀನಿ, ನೀ ಹೋಗು," ಎಂದೆ. ಅಜ್ಜಿಯಾದವಳು ಮತ್ತೇನು ಹೇಳಬೇಕು?

ನಾನು ಓದಿದ್ದು ಕಡಿಮೆ, ಆದರೆ ಕುರಿಮರಿಯ ಗಾಯವನ್ನೋ ಮಕ್ಕಳ ಮೊಣಕಾಲನ್ನೋ ವಾಸಿ ಮಾಡದೆ ಬಿಟ್ಟವಳಲ್ಲ. ಬೇಲಿಯಿಂದ ಗಟ್ಟಿ ಪಾಪಾಸುಕಳ್ಳಿಯೊಂದನ್ನು ಕುಂಡಕ್ಕೆ ತಂದು, ಅದು ಬೇರು ಬಿಟ್ಟ ಮೇಲೆ ತಲೆ ಕೊಯ್ದೆ. ಮೊದಲು ಉಂಡೆಯ ಪಕ್ಕದ ಮರಿಯನ್ನು ಅದರ ಮೇಲೆ ಕೂರಿಸಿ ನೋಡೋಣವೆಂದು ಬಿಡಿಸಿ, ಅದರ ಬುಡವನ್ನೂ ಕೊಯ್ದೆ. ಕೊಯ್ದ ಗಾಯ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಎರಡಕ್ಕೂ ದಪ್ಪಗೆ ಅರಿಶಿನ ಮೆತ್ತಿ ಕಟ್ಟಿದೆ. ಕೆಲವು ದಿನಕ್ಕೆ ಮರಿ ಒಣಗಿ ಡಬ್ಬಿಯ ಮುಚ್ಚಳದಂತೆ ಕಳಚಿ ಬಿತ್ತು.

"ಅರಿಶಿಣ ಹಚ್ಚಿ ಕಳ್ಳಿಗಿ ಮದಿವಿ ಮಾಡಾಕ ಹೋಗಿದ್ದೇನು?" ಎಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಇನ್ನು ಉಳಿದದ್ದು ತಾಯಿ ಉಂಡೆಯೊಂದೇ. ನಾಚಿಕೆ ಬಿಟ್ಟು ಸುನೀತಾಳಿಗೆ ಫೋನು ಮಾಡಿದೆ.

"ಆಯಿ, ಎರಡರ ಹಸಿ ಮೈ ಒಂದಕ್ಕೊಂದು ಮುಟ್ಟಬೇಕು. ನಡುವ ಏನೂ ಹಚ್ಚಬ್ಯಾಡ. ಕಟ್ಟಿ ಬಿಟ್ಟುಬಿಡು, ಬಿಚ್ಚಿ ನೋಡಬ್ಯಾಡ!"

ಈ ಸಲ ಪಾಪಾಸುಕಳ್ಳಿಯ ತಲೆಯಿಂದ ಹಸಿಯಾಗಿ ಇನ್ನೊಂದು ಹೋಳು ಕೊಯ್ದು, ಉಂಡೆಯ ಕೊಳೆತದ್ದನ್ನೆಲ್ಲ ತೆಗೆದು, ಕೊಯ್ದ ಮೈಗಳ ನಡುವೆ ಕಾಣುವ ಉಂಗುರಕ್ಕೆ ಉಂಗುರ ಕೂಡಿಸಿ ರಬ್ಬರ್ ಬ್ಯಾಂಡು ಬಿಗಿದೆ. ಅರಿಶಿನದ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟೆ. ಬಿಚ್ಚಿ ನೋಡದೆ ಇರುವುದೇ ನಿಜವಾದ ಕಷ್ಟ. ಅನ್ನದ ಗಡಿಗೆಯ ಮುಚ್ಚಳವನ್ನೇ ಮತ್ತೆ ಮತ್ತೆ ಎತ್ತುವವಳು ನಾನು. ಕುಂಡದ ಹತ್ತಿರ ಹೋದರೆ ಸಾಕು, "ಏ, ಕೈ ತಗಿ!" ಎಂದು ಯಜಮಾನರು ಕೂಗುತ್ತಿದ್ದರು.

ಇವತ್ತು ಸಂಜೆ ಸುನೀತಾ ಬಸ್ಸಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಕುಂಡದ ಮುಂದೆ ಕುಳಿತಳು. ತುಂಬಿಕೊಂಡ ಕೆಂಪು ಉಂಡೆಯನ್ನು ನೋಡಿ ನನ್ನನ್ನು ಅಪ್ಪಿಕೊಂಡಳು.

ರಾತ್ರಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಬಿಸಿ ಜೋಳದ ರೊಟ್ಟಿ, ತೊಗರಿಬೇಳೆ, ನಡುವೆ ಕುಂಡ.

"ಆಯಿ, ಇದು ಇಲ್ಲೇ ಇರಲಿ. ನಿನಗ ಒಗ್ಗ್ಯಾದ," ಎಂದಳು ಸುನೀತಾ.

"ಬ್ಯಾಡವ್ವ, ನಿಂದದ, ನೀನೇ ಒಯ್ಯಿ," ಎಂದೆ ದೊಡ್ಡ ಮನಸ್ಸಿನಿಂದ.

ಸೊಸೆ ಕಿಸಕ್ಕನೆ ನಕ್ಕಳು. ಯಜಮಾನರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಬಾಯಿ ಒಯ್ಯಿ ಅಂತದ, ಕೈ ನೋಡ್ರಿ!" ಎಂದರು. ನೋಡಿದೆ. ನನ್ನ ಎಡಗೈ ಯಾವಾಗಲೋ ಕುಂಡವನ್ನು ನನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡುಬಿಟ್ಟಿತ್ತು.